ಬಿಸಿಲು ಕಾಣದ ಎಳ್ಳು

ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತಪಾಸಣೆಗೆ ಬಂದ ಮೇಡಂ ಗೋದಾಮಿನ ಗೇಟಿಗೆ ಬೀಗ ಹಾಕಿಸಿ, ಬೀಗದ ಕೈಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡ ಹೊತ್ತು ಅದು. ಮಾದರಿ ಕೋಣೆ ನೋಡಿಕೊಳ್ಳುತ್ತಿದ್ದ ಅವಳು ಅಲ್ಲಿನ ಗಡಿಯಾರದ ಕೆಳಗೆ ನಿಂತಿದ್ದಳು; ಆ ಮುಳ್ಳುಗಳು ನಿಂತಿದ್ದ ಜಾಗವನ್ನು ಅವಳು ಮುಂದೆಂದೂ ಮರೆಯಲಿಲ್ಲ.

ಅದು ಕಿಟಕಿಯಿಲ್ಲದ ಕೋಣೆ. ತೇವ ಹೀರುವ ಯಂತ್ರ ಮೂಲೆಯಲ್ಲಿ ಗುಂಯ್ಗುಡುತ್ತಿತ್ತು. ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಗಾಜಿನ ಬಾಟಲಿ. ಗೋದಾಮಿಗೆ ಬಂದ ಪ್ರತಿ ಸರಕಿನಿಂದ, ಅದು ಶುದ್ಧ ಮಾಡುವ ಯಂತ್ರಕ್ಕೆ ಹೋಗುವ ಮೊದಲೇ, ಅವಳು ಚೀಲಗಳಿಗೆ ಕೊಳವೆ ಚುಚ್ಚಿ ಮಾದರಿಗೆಂದು ಕಾಳು ತೆಗೆಯುತ್ತಿದ್ದಳು. ಎರಡು ಬಾಟಲಿಗೆ ಅರ್ಧರ್ಧ ಕಿಲೋ ತುಂಬಿ, ಸರಕಿನ ಸಂಖ್ಯೆಯ ಮುದ್ರೆಯೊತ್ತಿ, ಮುಚ್ಚಳದ ಮೇಲೆ ತನ್ನ ಸಹಿಯಿದ್ದ ಕಾಗದದ ಪಟ್ಟಿ ಅಂಟಿಸಿ ಇಡುತ್ತಿದ್ದಳು. ಮುಂದೆ ಎಲ್ಲಿ ತಕರಾರು ಎದ್ದರೂ, ಆ ಕಾಳು ಹೊಲದಿಂದ ಹೇಗೆ ಬಂದಿತ್ತು ಎಂಬುದಕ್ಕೆ ಆ ಬಾಟಲಿಯೇ ಸಾಕ್ಷಿ.

ತಕರಾರು ಈಗ ಎಪ್ಪತ್ತೆರಡನೇ ಸರಕಿನ ಎಳ್ಳಿನ ಮೇಲೆ ಎದ್ದಿತ್ತು. ನಲವತ್ತೊಂದು ಮನೆಯವರು ಕೀಟನಾಶಕ ಸೋಕಿಸದೆ ಬೆಳೆದದ್ದೆಂದು ಮಾರಾಟವಾಗಿ ಹೋದ ಎಳ್ಳು ಅದು. ಕೊಂಡವರು ಕಿಲೋಗೆ 0.01 ಮಿಲಿಗ್ರಾಂ ಕೀಟನಾಶಕಕ್ಕಿಂತ ಹೆಚ್ಚು ಒಪ್ಪುವವರಲ್ಲ. ಅವರಿಗೆ ಸಿಕ್ಕಿದ್ದು 0.24. ಮೇಡಂ ಎರಡು ವಾರದ ಹಿಂದೆ ಇಲ್ಲಿಂದ ಒಯ್ದ ಬಾಟಲಿಯಲ್ಲೂ ಅಷ್ಟೇ.

"ಅಂದ್ರೆ ಹೊಲದಿಂದ ಬರುವಾಗಲೇ ವಿಷ ಇತ್ತು ಅಂತಾಯ್ತು" ಎಂದರು ಮೇಡಂ. "ನಾಲ್ಕು ಗಂಟೆಗೆ ನಾನು ನಮ್ಮ ಕಚೇರಿಗೆ ಫೋನ್ ಮಾಡಿ ಹೇಳ್ಬೇಕು. ನಲವತ್ತೊಂದು ಮನೆ ಹೆಸರೂ ವಿಷವಿಲ್ಲದೆ ಬೆಳೆಯೋರ ಪಟ್ಟಿಯಿಂದ ಹೋಗುತ್ತೆ. ಐದು ವರ್ಷ ಯಾರೂ ಅವರ ಕಾಳು ಮುಟ್ಟಲ್ಲ."

ಬಾಗಿಲಲ್ಲಿ ನಿಂತಿದ್ದ ಬೆಳೆಗಾರರ ಮುಖಂಡ ಅವಳ ಸ್ವಂತ ಅಣ್ಣ. ಕತ್ತಿನ ನರ ಉಬ್ಬಿಸಿಕೊಂಡು, "ನಮ್ಮ ಹೊಲಕ್ಕೆ ಒಂದು ಔಷಧಿ ಡಬ್ಬಿ ಬಂದಿದ್ದು ತೋರಿಸಿ, ನಾನೇ ಪಟ್ಟಿ ಹರಿದು ಹಾಕ್ತೀನಿ" ಎಂದ.

"ನೀವು ಸುಳ್ಳು ಹೇಳ್ತಿಲ್ಲ ಅಂದ್ರೆ ಬಾಟಲಿ ಬದಲಾಗಿರ್ಬೇಕು" ಎಂದರು ಮ್ಯಾನೇಜರ್. "ಬಾಟಲಿ ಮೇಲಿನ ಸಹಿ ಯಾರದ್ದು ಸ್ವಾಮಿ?"

ಎಲ್ಲರೂ ಅವಳತ್ತ ತಿರುಗಿದರು. ಒಂದೋ ಅಣ್ಣ ಸುಳ್ಳುಗಾರ, ಇಲ್ಲವೇ ಅವಳು ಮೋಸಗಾತಿ. ನಿಜ ಹೇಳುವ ಮೂರನೆಯ ಬಾಗಿಲಿತ್ತು, ಅದನ್ನು ತೆರೆದರೆ ಅವಳ ಕೆಲಸ ಹೋಗುತ್ತಿತ್ತು. ಅವಳು ಅಂಗಳ ದಾಟಿ ತೂಕದ ಮಾವನ ಬಳಿಗೆ ಓಡಿದಳು.

ತೂಕದ ಮಾವ ಲಾರಿ ತೂಗುವ ಕಟ್ಟೆಯ ಹಿಂದಿನ ಒಂಟಿ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದವರು. ಗೋದಾಮಿನಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಸುದ್ದಿ ಹೋಗುತ್ತಿದ್ದುದು ಅವರಿಗೆ. ಅವಳು ಹೇಳಿದ್ದನ್ನೆಲ್ಲ ಅವರು ಕನ್ನಡಕ ಒರೆಸುತ್ತಲೇ ಕೇಳಿದರು.

"ಮೇಡಂ ಬಾಟಲಿ ಒಯ್ಯೋಕೆ ಬರ್ತಾರೆ ಅಂತ ಯಾವತ್ತು ಗೊತ್ತಾಯ್ತು?"

"ಶನಿವಾರ. ಮಂಗಳವಾರ ಬಂದು ಒಯ್ದರು."

"ಭಾನುವಾರ ರಜೆ. ನಡುವಿನ ಸೋಮವಾರ ಕೋಣೆಯಲ್ಲಿ ಯಾರಾದ್ರೂ ಒಬ್ಬರೇ ಇದ್ದರಾ? ನನ್ನ ಹತ್ರ ಮುಚ್ಚಿಡಬೇಡ ತಾಯಿ."

ಅವಳು ತಲೆ ತಗ್ಗಿಸಿದಳು. "ಮೂವರು, ಒಬ್ಬೊಬ್ಬರಾಗಿ. ಶೆಡ್ಡಿನ ಜರಡಿಯಣ್ಣ ತೇವ ಹೀರೋ ಯಂತ್ರದ ಜಾಲರಿ ತೊಳೆಯೋಕೆ ಚೀಲ ಹಿಡ್ಕೊಂಡು ಬಂದಿದ್ದರು, ನಾನು ಹೊರಗೆ ಲಾರಿ ನೋಡೋಕೆ ಹೋದೆ. ಆಮೇಲೆ ಮ್ಯಾನೇಜರ್ ಬರಿಗೈಯಲ್ಲಿ ಬಂದು ಒಂದು ಫೋನ್ ಮಾತಾಡಿ ಹೋದರು. ಮಧ್ಯಾಹ್ನ ನಮ್ಮಣ್ಣ... ಬಿಸಿಲು ಜಾಸ್ತಿ ಅಂತ ಹತ್ತು ನಿಮಿಷ ತಂಪಲ್ಲಿ ಕೂತಿದ್ದ. ಅದನ್ನ ಹೇಳಿದ್ರೆ ಮುಗೀತು ಮಾವ, ಅವನ ಕುತ್ತಿಗೆಗೇ ಬರುತ್ತೆ."

ಮಾವ ಎದ್ದರು. ಮಾದರಿ ಕೋಣೆಯಲ್ಲಿ, ಮೇಡಂ ಎದುರಿಗೇ, ಉಳಿದಿದ್ದ ಇನ್ನೊಂದು ಬಾಟಲಿಯನ್ನು ಬಿಳಿ ತಟ್ಟೆಗೆ ಸುರಿಸಿದರು. ಎಳ್ಳು ತೊಳೆದಿಟ್ಟಂತೆ ಹೊಳೆಯಿತು. ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ಕಡ್ಡಿಯಿಲ್ಲ, ಕಲ್ಲಿಲ್ಲ.

"ಇದು ಬಂದ ದಿನ ನೀನು ಪುಸ್ತಕದಲ್ಲಿ ಏನು ಬರೆದಿದ್ದೀಯ, ಓದು."

"ಕಸಕಡ್ಡಿ ನೂರಕ್ಕೆ ಎರಡು ಭಾಗ" ಎಂದು ಓದಿದಳು.

ಮಾವ ತಟ್ಟೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರು. ಅಲ್ಲಿಂದ ಶುದ್ಧ ಮಾಡುವ ಯಂತ್ರದ ಶೆಡ್ಡಿನತ್ತ ನಡೆದರು. ಅಲ್ಲಿ ಯಂತ್ರ ನಡೆಸುವ ಜರಡಿಯಣ್ಣ ನಿಂತಿದ್ದ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೆಲಸ, ಎರಡು ವರ್ಷದಲ್ಲಿ ನಿವೃತ್ತಿ, ಬಾಯಿ ಬಿಟ್ಟರೆ ತಮಾಷೆ.

"ಏನ್ ಮಾವ, ನನ್ನನ್ನೂ ತೂಗೋಕೆ ಬಂದ್ರಾ? ಊಟಕ್ಕೆ ಮುಂಚೆ ತೂಗಿ, ಕಮ್ಮಿ ಬರ್ತೀನಿ."

"ನಿನ್ನ ತಮಾಷೆ ತೂಗೋಷ್ಟು ದೊಡ್ಡ ಕಟ್ಟೆ ನನ್ನ ಹತ್ರ ಇಲ್ಲಪ್ಪ" ಎಂದು ನಗುತ್ತ ಮಾವ ಶೆಡ್ಡಿನ ಹಿಂಬದಿಗೆ ಹೋದರು. ಗಾಳಿಯಂತ್ರ ಊದಿ ಬಿಸಾಡಿದ ಹೊಟ್ಟಿನ ರಾಶಿ ಅಲ್ಲಿತ್ತು. ಅದರ ಮೇಲೆ ಟಾರ್ಪಾಲು ಹೊದಿಸಿ, ನಾಲ್ಕು ಕಡೆ ಕಲ್ಲು ಹೇರಲಾಗಿತ್ತು. ಮಾವ ಒಂದು ಅಂಚೆತ್ತಿ ಇಣುಕಿ ನೋಡಿ, ಕೆಳಗೆ ಬಿಟ್ಟರು. ಹಿಂದಿರುಗುವಾಗ ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು:

"ಬಾಟಲಿ ಬದಲಾಗಿದೆ. ಆದ್ರೆ ನಿನ್ನ ಸಹಿಯ ಪಟ್ಟಿ ಬದಲಾಯಿಸಿದವನ ಕೈಗೆ ಹೇಗೆ ಸಿಕ್ತು ಅನ್ನೋದು ನಿನಗೆ ಗೊತ್ತು, ನನಗೂ ಗೊತ್ತು. ನಾನು ಹೇಳಿದ್ರೆ ಅದು ಊಹೆ. ನೀನು ಹೇಳಿದ್ರೆ ಸಾಕ್ಷಿ. ಯೋಚನೆ ಮಾಡು."

ಯೋಚನೆಗೆ ಎಷ್ಟು ಜಾಗವಿತ್ತು? ಗೇಟಿಗೆ ಬೀಗ. ಕೋಣೆಗೆ ಹೋದರೆ ಅಣ್ಣನ ಕಣ್ಣು, ಅಂಗಳಕ್ಕೆ ಬಂದರೆ ಮ್ಯಾನೇಜರರ ಕಣ್ಣು. ಗೋಡೆಯುದ್ದಕ್ಕೂ ಅವಳದೇ ಸಹಿ ಹೊತ್ತ ನೂರಾರು ಮುಚ್ಚಳ. ಅವಳ ಹೆಸರೇ ಅವಳನ್ನು ಸುತ್ತುಗಟ್ಟಿ ನಿಂತಂತಿತ್ತು.

ಮೂರು ಗಂಟೆಗೆ ಮಾವ ಎಲ್ಲರನ್ನೂ ಮಾದರಿ ಕೋಣೆಗೆ ಕರೆಸಿದರು.

"ಮೇಡಂ, ಈ ಕೋಣೆಗೆ ಬರೋ ಕಾಳು ಯಂತ್ರಕ್ಕೆ ಹೋಗೋ ಮುಂಚಿನದ್ದು" ಎಂದು ತಟ್ಟೆ ಮುಂದಿಟ್ಟರು. "ಅದರಲ್ಲಿ ನೂರಕ್ಕೆ ಎರಡು ಭಾಗ ಕಸ ಇರ್ಬೇಕು. ಇದರಲ್ಲಿ ಒಂದು ಕಡ್ಡಿಯಿಲ್ಲ. ಅಂದ್ರೆ ಇದು ಯಂತ್ರದಿಂದ ಹೊರಗೆ ಬಂದ ಮೇಲಿನ ಎಳ್ಳು. ತಂದಿಟ್ಟವನಿಗೆ ಶುದ್ಧ ಮಾಡಿ ಮಾಡಿ, ಕಸ ಇದ್ದ ಕಾಳು ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು."

"ಯಾಕೆ ಬದಲಾಯಿಸ್ಬೇಕು?" ಎಂದರು ಮೇಡಂ.

"ಬನ್ನಿ, ತೋರಿಸ್ತೀನಿ."

ಎಲ್ಲರೂ ಶೆಡ್ಡಿನ ಹಿಂದೆ ಬಂದರು. ಮಾವ ಟಾರ್ಪಾಲು ಪೂರ್ತಿ ಎಳೆದು ಹಾಕಿದರು. ಕೆಳಗೆ, ಮಳೆನೀರು ನುಗ್ಗಿ ನೆನೆದ ಹೊಟ್ಟಿನಲ್ಲಿ, ಕಂಬಳಿ ಹಾಸಿದ ಹಾಗೆ ಮೊಳಕೆ. ಹಸಿರಲ್ಲ, ಬಿಸಿಲೇ ಕಾಣದೆ ಬೆಳೆದು, ಹೊರಬರಲು ದಾರಿ ಸಿಗದೆ ಅಡ್ಡಡ್ಡ ಬಾಗಿದ ಬಿಳಿಹಳದಿ ಎಳೆಗಳು. ಅಣ್ಣ ಬಗ್ಗಿ ಒಂದನ್ನು ಕಿತ್ತು ನೋಡಿದ. "ಎಳ್ಳು" ಎಂದ. ಅದನ್ನು ಅಂಗೈಯಲ್ಲಿಟ್ಟು ಮೇಡಂ ಮುಂದೆ ಹಿಡಿದ. "ನಮ್ಮ ಎಳ್ಳು."

"ಕಸಕ್ಕೆ ಯಾರಾದ್ರೂ ಹೊದಿಕೆ ಹೊದಿಸ್ತಾರಾ?" ಎಂದರು ಮಾವ. "ಹೊಟ್ಟಿನಲ್ಲಿ ನಾಲ್ಕು ಕಾಳು ಮೊಳೆಯೋದು ಸಹಜ. ಇದು ಚೀಲಗಟ್ಟಲೆ. ಗಾಳಿಯಂತ್ರವನ್ನ ಜೋರಾಗಿ ಬಿಟ್ಟು ಮರೆತಾಗ ಕಾಳೇ ಹೊಟ್ಟಿನ ಜೊತೆ ಹಾರಿಹೋಗುತ್ತೆ. ಕಮ್ಮಿಯಾದದ್ದನ್ನ ತುಂಬೋಕೆ ಹೊರಗಿನ ಎಳ್ಳು ಬೆರೆಸಿದ್ರು. ವಿಷ ಇದ್ದದ್ದು ಅದರಲ್ಲಿ. ಬಾಟಲಿ ಹಾಗೇ ಇದ್ದಿದ್ರೆ, ತಪ್ಪು ಹೊಲದ್ದಲ್ಲ, ಗೋದಾಮಿನದ್ದು ಅಂತ ಗೊತ್ತಾಗಿಬಿಡೋದು. ಇನ್ನು, ಬದಲಾಯಿಸಿದ್ದು ಯಾರು? ನೀವು ಬಾಟಲಿ ಒಯ್ಯೋ ಹಿಂದಿನ ದಿನ, ಸೋಮವಾರ, ಕೋಣೆಯಲ್ಲಿ ಒಬ್ಬೊಬ್ಬರೇ ಇದ್ದವರು ಮೂವರು. ಬೆಳೆಗಾರ ತನ್ನ ಬಾಟಲಿಗೆ ತಾನೇ ವಿಷ ತುಂಬಲ್ಲ. ಮ್ಯಾನೇಜರ್ ಬಂದದ್ದು ಬರಿಗೈಯಲ್ಲಿ. ಚೀಲ ಹಿಡ್ಕೊಂಡು ಬಂದವನು ಒಬ್ಬನೇ."

ಜರಡಿಯಣ್ಣ ನಗಲು ನೋಡಿದ, ಆಗಲಿಲ್ಲ. "ಚೆನ್ನಾಗಿದೆ ಕತೆ. ಇವಳ ಸಹಿಯ ಪಟ್ಟಿ ನನಗೆಲ್ಲಿಂದ ಬರುತ್ತೆ? ನನ್ನ ಹೆಬ್ಬೆಟ್ಟೇ ನೆಟ್ಟಗೆ ಬೀಳಲ್ಲ!"

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. ಅವಳತ್ತ ನೋಡಲೂ ಇಲ್ಲ. ಎಲ್ಲ ಅವಳ ನಾಲಿಗೆಯ ಮೇಲೆ ಬಂದು ನಿಂತಿತ್ತು.

"ನಾನು ಕೊಟ್ಟೆ" ಎಂದಳು. "ಅಂದ್ರೆ, ಸಿಗೋ ಹಾಗೆ ಇಟ್ಟಿದ್ದೆ. ಲಾರಿ ಸಾಲು ನಿಂತಾಗ ಕೈ ಸಾಗಲ್ಲ ಅಂತ ಬೆಳಿಗ್ಗೆಯೇ ಇಪ್ಪತ್ತು ಪಟ್ಟಿಗೆ ಸಹಿ ಹಾಕಿ ಮೇಜಿನ ಮೇಲೆ ಇಡ್ತಿದ್ದೆ. ಸಂಖ್ಯೆಯ ಮುದ್ರೆಯೂ ಪಕ್ಕದಲ್ಲೇ ಇರ್ತಿತ್ತು. ಆ ಸೋಮವಾರ ಎರಡು ಪಟ್ಟಿ ಕಮ್ಮಿ ಬಿತ್ತು. ಎಣಿಕೆ ತಪ್ಪಿದೆ ಅಂದ್ಕೊಂಡು ಸುಮ್ಮನಾದೆ. ಕಾಳು ನೋಡದೆ ಸಹಿ ಹಾಕಿದ್ದು ನನ್ನ ತಪ್ಪು ಮೇಡಂ. ನಮ್ಮಣ್ಣಂದಲ್ಲ."

ಜರಡಿಯಣ್ಣ ಟಾರ್ಪಾಲಿನ ಅಂಚಿನ ಕಲ್ಲಿನ ಮೇಲೆ ಕುಸಿದು ಕುಳಿತ.

"ಒಂದು ಪಾಳಿ ಪೂರ್ತಿ ಗಾಳಿ ಜೋರಿತ್ತು, ನೋಡ್ಲಿಲ್ಲ" ಎಂದ. "ಹತ್ತೊಂಬತ್ತು ವರ್ಷದಲ್ಲಿ ಒಂದು ಸಲ. ಹೇಳಿದ್ರೆ ಮನೆಗೆ ಕಳಿಸ್ತಾರೆ ಅಂತ ಹೆದರಿದೆ. ಆಮೇಲೆ ಒಂದನ್ನ ಮುಚ್ಚೋಕೆ ಇನ್ನೊಂದು. ಹೊರಗೆ ಬರೋ ದಾರಿನೇ ಕಾಣ್ಲಿಲ್ಲ." ಅವಳತ್ತ ಕಣ್ಣೆತ್ತಿದ. "ನಿನ್ನ ಹಳೇ ಬಾಟಲಿ ಎರಡೂ ನನ್ನ ಸಲಕರಣೆ ಕಪಾಟಿನಲ್ಲಿವೆ ತಂಗಿ. ಪಟ್ಟಿ ಕೂಡ ಬಿಚ್ಚಿಲ್ಲ. ಒಡೆದು ಹಾಕೋಕೆ ಹೋದೆ, ಕೈ ಬರ್ಲಿಲ್ಲ."

ಬಾಟಲಿಗಳು ಅಲ್ಲೇ ಸಿಕ್ಕವು. ಪಟ್ಟಿ ಹರಿದಿರಲಿಲ್ಲ. ಗಾಜಿನೊಳಗೆ ಕಡ್ಡಿ, ಮಣ್ಣಿನ ಕಣ, ಒಣಗಿದ ಎಲೆಯ ಚೂರು, ಎಲ್ಲವೂ ಬರಿಗಣ್ಣಿಗೇ ಕಾಣುತ್ತಿದ್ದವು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಮೇಡಂ ಗೇಟಿನ ಬೀಗ ತೆಗೆಸಿದರು. ನಾಲ್ಕು ಗಂಟೆಗೆ ಅವರು ಮಾಡಿದ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬೆಳೆಗಾರರ ಪಟ್ಟಿ ಹಾಗೇ ಇರಲಿ, ಇನ್ನೊಂದು ಪರೀಕ್ಷೆಯಾಗಬೇಕು."

ಜರಡಿಯಣ್ಣನನ್ನು ಅಂದೇ ಕೆಲಸದಿಂದ ಇಳಿಸಿದರು. ಅವಳನ್ನು ಮಾದರಿ ಕೋಣೆಯಿಂದ ತೆಗೆದು ಆರು ತಿಂಗಳು ತೂಕದ ಕಟ್ಟೆಗೆ ಹಾಕಿದರು. "ಇಲ್ಲಿ ಮುಂಚೆಯೇ ಸಹಿ ಹಾಕೋಕಾಗಲ್ಲ ತಾಯಿ" ಎಂದು ಮಾವ ಕುರ್ಚಿ ಸರಿಸಿ ಕೊಟ್ಟರು. "ಲಾರಿ ಕಟ್ಟೆ ಹತ್ತಿದ ಮೇಲೇ ಅಂಕಿ ಏಳೋದು."

ಆರನೆಯ ದಿನ ಅಣ್ಣ ಪ್ರಯೋಗಾಲಯದ ಕಾಗದ ಹಿಡಿದು ಗೇಟಿನಲ್ಲಿ ಬಂದ. ಅದನ್ನು ಅವಳ ಕೈಗಿಟ್ಟ. ಅವಳು ಸಹಿಗಿಂತ ಮೊದಲು ಅಂಕಿ ಓದಿದಳು. ಸರಕು ಎಪ್ಪತ್ತೆರಡು, ಎಳ್ಳು, ಹೊಲದಿಂದ ಬಂದದ್ದು. ಕೀಟನಾಶಕದ ಮಿತಿ: ಕಿಲೋಗೆ 0.01 ಮಿಲಿಗ್ರಾಂ. ಸಿಕ್ಕಿದ್ದು: 0.003.