ಗೊಲ್ಲಾಳಮ್ಮನ ಮನೆಯ ಕರಡಿಗೆ

ದೀಪ ಹಚ್ಚುವ ಹೊತ್ತಿಗೆ ದೇವರ ಮನೆಯಿಂದ ಗೊಲ್ಲಾಳಮ್ಮ ಕೂಗಿದ ಕೂಗಿಗೆ, ಹಿತ್ತಲ ಕೋಲಿಯಲ್ಲಿ ಕೂತಿದ್ದ ಸೌಭಾಗ್ಯಳ ಕೈಯೊಳಗಿನ ಚಹಾ ಅರ್ಧ ನೆಲಕ್ಕೆ, ಅರ್ಧ ಚೂಡಿದಾರಕ್ಕೆ ಹೋಯಿತು. ಓಡಿ ಬಂದು ನೋಡಿದರೆ ಮನೆಯೊಡತಿ ಗೋಡೆಯ ಖಾಲಿ ಗೂಟದತ್ತ ಬೆರಳು ಮಾಡಿ ನಿಂತಿದ್ದಳು. ಆ ಗೂಟಕ್ಕೆ ಅವಳ ಮಾವನವರ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಲಿಂಗವನ್ನು ಅದರೊಳಗಿಟ್ಟು ಕೊರಳಲ್ಲಿ ಧರಿಸುತ್ತಿದ್ದ ಹಿರಿಯರು ಹೋದ ಮೇಲೆ ಲಿಂಗ ಅವರೊಂದಿಗೇ ಮಣ್ಣಾಯಿತು, ಕರಡಿಗೆ ಮಾತ್ರ ಮನೆಯಲ್ಲಿ ಉಳಿದಿತ್ತು. ಗೊಲ್ಲಾಳಮ್ಮ ದಿನಾ ಅದಕ್ಕೊಂದು ಹೂವಿಟ್ಟು ಕೈಮುಗಿಯುತ್ತಿದ್ದಳು.

ಅವಳು ನಸುಕಿನ ಬಸ್ಸಿಗೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಈಗಷ್ಟೇ ಬಂದಿದ್ದಳು. ಬಂದವಳು ಮೊದಲು ತಿರುಗಿದ್ದು ಸೌಭಾಗ್ಯಳ ಹಿಂದೆಯೇ ಕೋಲಿಯಿಂದ ಎದ್ದು ಬಂದ ಪರಿಮಳಾಳ ಕಡೆಗೆ.

"ನೀ ಒಳಗ ಹೋಗಿದ್ದೇನ?"

"ಇಲ್ರಿ ಅಮ್ಮಾರ. ನಸುಕಿನ್ಯಾಗ ನಿಮ್ಮ ಚೀಲ ಬಾಗಲತನಕ ತಂದುಕೊಟ್ಟು ಬಂದ ಮ್ಯಾಲ ಜ್ವರ ಏರಿತು. ನಮ್ಮ ಕೋಲಿ ಬಿಟ್ಟು ಎದ್ದಿಲ್ಲ."

ಶಹಾಪುರದ ಆ ಹಳೆಯ ಮನೆಯ ಹಿತ್ತಲ ಕೋಲಿಯಲ್ಲಿ ಮೂವರು ಹುಡುಗಿಯರು ಬಾಡಿಗೆಗಿದ್ದರು: ಸುರಪುರದ ಫರ್ಹತ, ಕೊಡೇಕಲ್ಲಿನ ಸೌಭಾಗ್ಯ, ಯಾದಗಿರಿಯ ಆಚೆಯ ಹಳ್ಳಿಯೊಂದರ ಊರ ಹೊರಗಿನ ಕೇರಿಯಿಂದ ಬಂದ ಪರಿಮಳಾ. ಮೂವರೂ ಓದುತ್ತಿದ್ದದ್ದು ಅಪರಾಧಶಾಸ್ತ್ರ ಮತ್ತು ಸಂಸ್ಕೃತಿ ಅಧ್ಯಯನ ಎಂಬ ಜೋಡಿ ಪದವಿ. ಬೆಳಿಗ್ಗೆ ರಕ್ತದ ಕಲೆಯ ಪಾಠ, ಮಧ್ಯಾಹ್ನ ಬೀಸುವ ಕಲ್ಲಿನ ಪದದ ಪಾಠ. ಗೊಲ್ಲಾಳಮ್ಮನ ಕಿರಿಮಗ ಮಹೇಶಕುಮಾರ ಇದಕ್ಕೆ "ಅರ್ಧ ಪೊಲೀಸು, ಅರ್ಧ ಭಜನಿ" ಎಂದು ಹೆಸರಿಟ್ಟಿದ್ದ. ಫರ್ಹತ ಮಾತ್ರ ಆ ಎರಡು ಅರ್ಧ ಸೇರಿಸಿ ಕಾಲೇಜಿನಲ್ಲಿ ಆಗಲೇ ಮೂರ್ನಾಲ್ಕು ಕಳ್ಳತನದ ಬುಡ ಹುಡುಕಿದ್ದಳು. ಪ್ರತಿಸಲವೂ ಅವಳ ಹಿಂದೆ ಟಾರ್ಚು ಹಿಡಿದು ನಿಂತವಳು ಸೌಭಾಗ್ಯ. ಏನೂ ತಿಳಿಯದಿದ್ದರೂ ಎಲ್ಲವೂ ತಿಳಿದಂತೆ ತಲೆ ಆಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಮಹೇಶ ಪಡಸಾಲೆಯಿಂದ ಎದ್ದು ಬಂದ. ಏನು ಹೋಯಿತು, ಎಲ್ಲಿ ಹೋಯಿತು ಎಂದು ಕೇಳಲಿಲ್ಲ. "ನಾ ಮೊದಲಿಂದನೂ ಹೇಳಾಕತ್ತೇನಿ ಯವ್ವಾ, ಆ ಕೋಲಿ ಖಾಲಿ ಮಾಡಸು ಅಂತ. ಈಗರ ಕೇಳು" ಎಂದ.

"ಪದವಿ ಮುಗಿಯೂತನಕ ಕೋಲಿ ಅವರದು ಅಂತ ಮಾತು ಕೊಟ್ಟೀನಿ" ಎಂದು ಎಂದಿನಂತೆ ಹೇಳಬೇಕಿದ್ದ ಗೊಲ್ಲಾಳಮ್ಮ ಈ ಸಲ ಮತ್ತೆ ಖಾಲಿ ಗೂಟದತ್ತ ತಿರುಗಿದಳು.

ಹವಾಲ್ದಾರ ಭೀಮಾಶಂಕರ ಎರಡು ಮನೆ ಆಚೆ ಇದ್ದವನು, ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಂಡು ಬಂದ. ಮುಂಬಾಗಿಲ ಬೀಗ ಮುರಿದಿರಲಿಲ್ಲ. ಬೀಗದಕೈ ಒಂದು ಮಹೇಶನ ಹತ್ತಿರ, ಒಂದು ಹಿರಿಸೊಸೆ ಗುರುದೇವಿಯ ಹತ್ತಿರ; ಅವಳ ಗಂಡ ಬೇರೆ ಊರಲ್ಲಿ ನೌಕರಿಯಲ್ಲಿದ್ದ. ಹಿತ್ತಲ ಬಾಗಿಲಿಗೆ ಹಗಲು ಹೊರಗಿನಿಂದ ಬರೀ ಅಗಳಿ. ಗುರುದೇವಿ ಹಗಲೆಲ್ಲ ಸಾಲೆಯಲ್ಲಿ ಪಾಠ ಮಾಡುತ್ತಿದ್ದಳು, ತನ್ನದೇ ಅಂಗಡಿ ಇಡಬೇಕೆಂದಿದ್ದ ಮಹೇಶ ಬಜಾರಿನಲ್ಲಿ ಗೆಳೆಯನ ಮೊಬೈಲ್ ಅಂಗಡಿಯಲ್ಲಿದ್ದೆ ಎಂದ. ಫರ್ಹತ, ಸೌಭಾಗ್ಯ ಕಾಲೇಜಿಗೆ ಹೋಗಿದ್ದರು, ಮನೆಯಲ್ಲಿದ್ದವಳು ಪರಿಮಳಾ ಒಬ್ಬಳೇ.

ಗುರುದೇವಿ ಅವಳ ಟ್ರಂಕನ್ನು ಮಂಚದ ಕೆಳಗಿಂದ, ಮೂವರ ಚಪ್ಪಲಿಗಳ ನಡುವಿನಿಂದ ಎಳೆದು ತೆಗೆದು ನೋಡಿದಳು. ಬಟ್ಟೆ, ಪುಸ್ತಕ, ರೊಟ್ಟಿಗೆಂದು ಅವ್ವ ಸುಂದ್ರಮ್ಮ ಕಟ್ಟಿಕೊಟ್ಟ ಶೇಂಗಾ ಹಿಂಡಿ. ಬೇರೇನೂ ಇರಲಿಲ್ಲ.

"ನಾಳೆ ಮಧ್ಯಾಹ್ನದ ತನಕ ನೋಡ್ತೀನಿ" ಎಂದ ಭೀಮಾಶಂಕರ. "ಸಿಗಲಿಲ್ಲಂದ್ರ ಈ ಹುಡಿಗಿ ಹೆಸರ ಹಾಕಿ ಕಂಪ್ಲೇಂಟ್ ಬರಕೋಬೇಕಾಗತದ."

ಮುಂದಿನ ವಾರದಿಂದ ವಿದ್ಯಾರ್ಥಿಗಳಿಗೆ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ತರಬೇತಿ ಇತ್ತು. ಹೆಸರಿನ ಮೇಲೆ ದೂರಿದ್ದವರಿಗೆ ಅಲ್ಲಿ ಪ್ರವೇಶವಿಲ್ಲ, ತರಬೇತಿ ಇಲ್ಲದೆ ಪದವಿಯೂ ಇಲ್ಲ. ಹೊಲದ ಕೂಲಿ ಮಾಡಿ ಮಗಳನ್ನು ಓದಿಸುತ್ತಿದ್ದ ಸುಂದ್ರಮ್ಮನಿಗೆ ಏನು ಹೇಳುವುದೆಂದು ಪರಿಮಳಾ ಗೋಡೆಗೆ ಮುಖ ಮಾಡಿ ಅತ್ತಳು. ಸೌಭಾಗ್ಯಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಫರ್ಹತ ಅಳಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಗೊಲ್ಲಾಳಮ್ಮನನ್ನು ಕೇಳಿಕೊಂಡು ದೇವರ ಮನೆಯ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಒಳಗೆ ಬೆಳಕು ಬಿಟ್ಟಳು. ನೆಲ ಕನ್ನಡಿಯಂತೆ ಸ್ವಚ್ಛವಾಗಿತ್ತು. ಗೂಟದ ಕೆಳಗಿನ ಹಲಗೆಯ ಮೇಲೆ ವಿಭೂತಿಯ ತಟ್ಟೆ ಅರ್ಧ ಖಾಲಿ.

"ವಿಭೂತಿ ಯಾವಾಗ ತುಂಬಿಸಿದ್ರಿ ಅಮ್ಮಾರ?"

"ನಿನ್ನೆ ರಾತ್ರಿ. ಅಂಚಿನತನಕ ಇತ್ತು."

ಹಲಗೆಯ ಕಾಲಿಗೆ ಒಂದು ಒಣ ಬೇವಿನ ಎಲೆ ಸಿಕ್ಕಿಕೊಂಡಿತ್ತು. ಫರ್ಹತ ಅದನ್ನು ಬೆರಳಲ್ಲಿ ತೋರಿಸಿ ಪಡಸಾಲೆಗೆ ಬಂದಳು. ಅಲ್ಲಿ ಹಿಂದಿನ ರಾತ್ರಿ ಸುಲಿದ ಶೇಂಗಾ ಸಿಪ್ಪೆ ಇದ್ದಲ್ಲೇ ಬಿದ್ದಿತ್ತು.

"ಗುರುದೇವಿ ಅಕ್ಕಾ, ಇವತ್ತ ಗುಡಿಸಿಲ್ಲೇನ್ರಿ?"

"ಅತ್ತಿ ಊರಿಗೆ ಹೋಗ್ಯಾರಲ್ಲ, ಹ್ಯಾಂಗ ಗುಡಿಸಲಿ? ಊರಿಗೆ ಹೋದವರ ಬೆನ್ನಿಗೆ ಕಸಾ ಹೊಡಿಯೂದು ಹೆಣಾ ಹೋದ ಮನ್ಯಾಗ. ಹಾಂಗ ಬಿಟ್ಟು ಸಾಲಿಗೆ ಹೋದೆ."

ಕೊನೆಗೆ ಹಿತ್ತಲ ಬಾಗಿಲ ಹಿಂದೆ ಇದ್ದ ಎರಡು ಕಸಬರಿಗೆಗಳ ಮುಂದೆ ಫರ್ಹತ ನಿಂತಳು. ಒಂದು ಒಳಮನೆಯ ಮೆತ್ತನೆಯ ಹುಲ್ಲಿನದು, ಇನ್ನೊಂದು ಅಂಗಳದ ಒರಟು ಕಡ್ಡಿಯದು. ತನ್ನ ಕರಿಯ ಓಢಣಿ ನೆಲಕ್ಕೆ ಹಾಸಿ ಎರಡನ್ನೂ ಒಂದೊಂದಾಗಿ ಕುಟ್ಟಿದಳು. ಹುಲ್ಲಿನದರಿಂದ ಬರೀ ಧೂಳು. ಕಡ್ಡಿಯದರಿಂದ ಬೇವಿನ ಎಲೆಯ ಚೂರಿನ ಜೊತೆ ಬಿಳಿ ಪುಡಿ ಉದುರಿತು. ಗೋಡೆಯ ಸುಣ್ಣ ಇರಬೇಕೆಂದು ಸೌಭಾಗ್ಯ ತಲೆ ಆಡಿಸಿದಳು. ಫರ್ಹತ ಮೂಸಿ ನೋಡಿ ಓಢಣಿಯನ್ನು ಹಾಗೇ ಗಂಟು ಕಟ್ಟಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಭೀಮಾಶಂಕರ ಕುರ್ಚಿಯಲ್ಲಿ, ಉಳಿದವರು ಗೋಡೆಗೆ ಒರಗಿ. ಫರ್ಹತ ಒಂದು ಬೊಗಸೆ ಜೋಳದ ಹಿಟ್ಟು ತಂದು ಪಡಸಾಲೆಯ ನಡುವೆ ನೆಲಕ್ಕೆ ಸುರುವಿದಳು.

"ಏನಿದು ಹುಚ್ಚಾಟ!" ಎಂದಳು ಗೊಲ್ಲಾಳಮ್ಮ.

"ನಮ್ಮ ಪದವಿದು ಪ್ರಾಕ್ಟಿಕಲ್ ಅನಕೋರ್ರಿ. ಒಬ್ಬೊಬ್ಬರು ಬಂದು ಸ್ವಲ್ಪ ಸ್ವಲ್ಪ ಗುಡಿಸ್ರಿ. ಮೊದಲ ಅಕ್ಕಾ."

ಗುರುದೇವಿ ಹಿತ್ತಲಿಗೆ ಹೋಗಿ ಹುಲ್ಲಿನ ಕಸಬರಿಗೆ ತಂದು ಗುಡಿಸಿ, ಮತ್ತೆ ಅಲ್ಲೇ ಇಟ್ಟು ಬಂದಳು. ಪರಿಮಳಾ ಜ್ವರದ ಕಾಲಲ್ಲೇ ಎದ್ದು ಹೋಗಿ ಅದನ್ನೇ ತಂದಳು, ಗುಡಿಸಿ ಇಟ್ಟು ಬಂದಳು.

"ಮಹೇಶಣ್ಣಾ, ಈಗ ನೀವು."

"ಇದೊಂದ ಬಾಕಿ ಇತ್ತು" ಎಂದು ನಗುತ್ತ ಎದ್ದ ಮಹೇಶ, ಹಿತ್ತಲಿಗೆ ಹೋಗಿ ಕೈಗೆ ಮೊದಲು ಸಿಕ್ಕ ಕಡ್ಡಿಯ ಕಸಬರಿಗೆ ಹಿಡಿದು ಬಂದು ಹಿಟ್ಟನ್ನು ಪರಪರ ಎಳೆಯತೊಡಗಿದ.

"ಅಯ್ಯ ನನ್ನಪ್ಪಾ!" ಗೊಲ್ಲಾಳಮ್ಮ ಎದ್ದೇ ನಿಂತಳು. "ಅಂಗಳದ್ದು ಒಳಗ ತಂದ್ಯಲ್ಲೋ! ಅದನ್ನ ಯಾರರ ಒಳಗ ತರತಾರೇನೋ?"

"ಕಸಬರಿಗಿ ಅಂದ್ರ ಕಸಬರಿಗಿ. ಅದರಾಗೇನೈತಿ?"

"ಅದರಾಗ ಎಲ್ಲಾ ಐತ್ರಿ" ಎಂದಳು ಫರ್ಹತ. ಓಢಣಿಯ ಗಂಟು ಬಿಚ್ಚಿ ಭೀಮಾಶಂಕರನ ಮುಂದಿಟ್ಟಳು. "ಮೂಸಿ ನೋಡ್ರಿ ಸಾಹೇಬ್ರ. ಇದು ವಿಭೂತಿ. ನಿನ್ನೆ ಅಂಗಳದ ಕಸಬರಿಗ್ಯಾಗ ಸಿಕ್ಕಿದ್ದು."

ಅವಳು ಮೇಷ್ಟರ ಹಾಗೆ ನಿಧಾನವಾಗಿ ಹೇಳಿದಳು. ಕರಡಿಗೆ ಇಳಿಸುವಾಗ ಕೈತಪ್ಪಿ ವಿಭೂತಿಯ ತಟ್ಟೆ ಉರುಳಿದೆ. ನೆಲದ ಮೇಲೆ ಹೆಜ್ಜೆ ಮೂಡಿವೆ. ಅದನ್ನು ಅಳಿಸಲು ಕಳ್ಳ ದೇವರ ಮನೆಯನ್ನಷ್ಟೇ ಗುಡಿಸಿದ್ದಾನೆ, ಪಡಸಾಲೆಯ ಶೇಂಗಾ ಸಿಪ್ಪೆ ಮುಟ್ಟಿಲ್ಲ. ಅಮ್ಮ ಊರಿಗೆ ಹೋದ ಬೆನ್ನಿಗೆ ಗುಡಿಸಿದ್ದು ಮೊದಲ ತಪ್ಪು, ಅಂಗಳದ ಕಸಬರಿಗೆಯನ್ನು ದೇವರ ಮುಂದೆ ಒಯ್ದದ್ದು ಎರಡನೆಯದು. ಆ ಬೇವಿನ ಎಲೆ ಒಳಗೆ ಬಂದದ್ದು ಅದರ ಜೊತೆಗೇ.

"ನಮ್ಮ ಅರ್ಧ ಪದವಿ ಹೆಜ್ಜಿ ಹುಡುಕು ಅಂತದ, ಇನ್ನರ್ಧ ಆ ಹೆಜ್ಜಿ ಯಾರು ಅಳಿಸ್ಯಾರ ನೋಡು ಅಂತದ. ಪರಿಮಳಾ ಕಳ್ಳಿ ಇದ್ದಿದ್ರೂ ಈ ಎರಡು ತಪ್ಪು ಮಾಡ್ತಿದ್ದಿಲ್ಲ. ಸಣ್ಣಾಕಿ ಇದ್ದಾಗಿಂದ ಕಸಬರಿಗಿ ಹಿಡಿದ ಕೈ ಆಕಿದು. ಅಕ್ಕಂದೂ ಹಂಗ. ಇದು ಜಲಮದಾಗ ಒಮ್ಮಿನೂ ಮನಿ ಗುಡಿಸದವರು ಮಾಡೂ ತಪ್ಪು. ಈ ಮನ್ಯಾಗ ಅಂಥಾವರು ಒಬ್ಬರ ಅದಾರ."

ಮಹೇಶನ ನಗು ಆರಿತು. "ಕಸಬರಿಗಿ ತಪ್ಪಿ ಹಿಡಿದವ ಕಳ್ಳ ಆಗ್ತಾನೇನು? ಭೀಮಾಶಂಕರಣ್ಣಾ, ನೀನರ ಹೇಳು."

"ಅದೂ ಖರೇನ. ಇಷ್ಟಕ್ಕ ಕೇಸ್ ನಿಲ್ಲಂಗಿಲ್ಲವ್ವಾ" ಎಂದ ಭೀಮಾಶಂಕರ.

"ಒಪ್ಪಿದೆ. ಅದಕ್ಕ ಕರಡಿಗಿನ ತೋರಸ್ತೀನಿ. ಮಹೇಶಣ್ಣಗ ಬೇಕಾದದ್ದು ಬೆಳ್ಳಿ ಅಲ್ಲ, ನಮ್ಮ ಕೋಲಿ. ಓಣಿ ಕಡಿ ಬಾಗಲಾ ಐತಿ, ಮೊಬೈಲ್ ಅಂಗಡಿಗೆ ಹೇಳಿ ಮಾಡಿಸಿದಂಗ. ಅದಕ್ಕ ಏನ್ ಕಳವಾತು ಅಂತ ಕೇಳೂಕಿಂತ ಮೊದಲ ಕೋಲಿ ಖಾಲಿ ಮಾಡಸು ಅಂದ್ರು. ಹಂಗಾದ್ರ ಕರಡಿಗಿನ ಪರಿಮಳಾನ ಟ್ರಂಕಿನ್ಯಾಗ ಇಟ್ಟಿದ್ರ ಕೆಲಸ ಮುಗೀತಿತ್ತಲ್ಲ, ಯಾಕ ಇಡಲಿಲ್ಲ?"

ಸೌಭಾಗ್ಯ ಈ ಸಲ ತಲೆಯಾಡಿಸುವುದನ್ನೂ ಮರೆತಳು.

"ಟ್ರಂಕ್ ಇರೂದು ಮಂಚದ ಕೆಳಗ, ಚಪ್ಪಲಿ ನಡುವ. ಟ್ರಂಕ್ ಯಾವ ಕೇರಿದು ಅನ್ನೂದೂ ಅವರಿಗೆ ಗೊತ್ತೈತಿ. ಅಜ್ಜನ ಕರಡಿಗಿ ಅಲ್ಲಿ ಇಡಾಕ ಕೈ ಬಂದಿಲ್ಲ. ಆಕಿನ್ನ ಕಳ್ಳಿ ಮಾಡಾಕ ಮನಸ ಬಂತು, ಆಕಿ ಬಟ್ಟಿ ನಡುವ ಅದನ್ನ ಇಡಾಕ ಬರಲಿಲ್ಲ." ಫರ್ಹತ ಮಹೇಶನತ್ತ ಕೈ ಮಾಡಿದಳು. "ಇಂಥಾ ಸಾಮಾನು ಇವರು ಕಾಲಿನ ಮಟ್ಟದಾಗ ಇಡಂಗಿಲ್ಲ, ತಲಿಕಿಂತ ಮ್ಯಾಲ ಇಡತಾರ. ನಿನ್ನೆ ನಾವೆಲ್ಲಾ ಬಗ್ಗಿ ಬಗ್ಗಿ ಹುಡುಕಿದಿವಿ. ಸಾಹೇಬ್ರ, ಅವರ ಕೋಣ್ಯಾಗ ಕತ್ತೆತ್ತಿ ನೋಡ್ರಿ."

ಭೀಮಾಶಂಕರ ಕುರ್ಚಿ ಒಯ್ದು ಅದರ ಮೇಲೆ ಹತ್ತಿದ. ಮಹೇಶನ ಕೋಣೆಯ ಬಾಗಿಲ ಮೇಲಿನ ಗೂಡಿನಲ್ಲಿ, ಹಳೆಯ ಕ್ಯಾಲೆಂಡರಿನ ಹಿಂದೆ, ಒಗೆದು ಮಡಿಚಿದ ಬಿಳಿ ಟವೆಲಿನೊಳಗೆ ಕರಡಿಗೆ ಬೆಚ್ಚಗೆ ಕೂತಿತ್ತು. ಗೊಲ್ಲಾಳಮ್ಮ ಹಾಕಿದ ಹಿಂದಿನ ದಿನದ ಹೂವಿನ ಎಸಳೂ ಅದಕ್ಕೆ ಅಂಟಿಕೊಂಡಿತ್ತು.

ಮಹೇಶ ತಲೆ ಕೆಳಗೆ ಹಾಕಿದ. "ಮಾರಾಕ ತಗೊಂಡಿದ್ದಿಲ್ಲ ಯವ್ವಾ. ಇವರು ಹೋದ ಮ್ಯಾಲ ತಿರುಗಿ ಇಡಾವ ಇದ್ದೆ."

ಮಗನ ಕೆನ್ನೆಗೆ ಬಾರಿಸಲು ಎತ್ತಿದ ಕೈಯನ್ನು ಗೊಲ್ಲಾಳಮ್ಮ ಅರ್ಧಕ್ಕೇ ಇಳಿಸಿದಳು. ಹಿಟ್ಟಿನ ಕಡೆ ಬೆರಳು ಮಾಡಿ, "ಆ ಹುಲ್ಲಿನ ಕಸಬರಿಗಿ ತಗೋ. ಇಡೀ ಮನಿ ಗುಡಸು" ಎಂದಳು. ಅವನು ಸೊಂಟ ಬಗ್ಗಿಸಿದ. ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗದೆ ನಿಂತ ಮೈದುನನಿಗೆ ಗುರುದೇವಿ ಮೂಲೆ ತೋರಿಸಿದಳು. ಸೌಭಾಗ್ಯಳಿಗೆ ನಗು ತಡೆಯುವುದೇ ಕಷ್ಟವಾಯಿತು.

ಗೊಲ್ಲಾಳಮ್ಮ ಕರಡಿಗೆಯನ್ನು ಸೆರಗಿನಲ್ಲಿ ಹಿಡಿದು ಪರಿಮಳಾಳ ಹತ್ತಿರ ಬಂದಳು. "ತಪ್ಪಾತವ್ವಾ. ಕಂಪ್ಲೇಂಟೂ ಇಲ್ಲ ಏನೂ ಇಲ್ಲ. ಮಾತು ಕೊಟ್ಟಂಗ ಕೋಲಿ ನಿಮ್ಮದ."

"ಒಂದು ಮಾತು ಕೇಳಲೇನ್ರಿ ಅಮ್ಮಾರ?" ಪರಿಮಳಾಳ ಕಣ್ಣು ಜ್ವರಕ್ಕೋ ನಿದ್ದೆಗೇಡಿಗೋ ಕೆಂಪಾಗಿದ್ದವು. "ನಿನ್ನೆ ನೀವು ನನ್ನ, ತಗೊಂಡೇನು ಅಂತ ಕೇಳಲಿಲ್ಲ. ಒಳಗ ಹೋಗಿದ್ದೇನು ಅಂತ ಕೇಳಿದ್ರಿ. ಏನೂ ತಗೊಳ್ದ ಸುಮ್ಮನ ಒಳಗ ಹೋಗಿದ್ರ, ಅದೂ ತಪ್ಪೇನ್ರಿ?"

ಪಡಸಾಲೆಯಲ್ಲಿ ಕಸಬರಿಗೆಯ ಸದ್ದು ನಿಂತಿತು. ಭೀಮಾಶಂಕರ ಅಂಗಿಯ ಗುಂಡಿ ನೋಡಿಕೊಂಡ. ಈ ಪ್ರಶ್ನೆಗೆ ಪದವಿಯ ಯಾವ ಅರ್ಧದಲ್ಲೂ ಪಾಠವಿರಲಿಲ್ಲ.

ಗೊಲ್ಲಾಳಮ್ಮ ಕರಡಿಗೆಯನ್ನು ಪರಿಮಳಾಳ ಅಂಗೈಯಲ್ಲಿಟ್ಟು, ದೇವರ ಮನೆಯ ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಗೂಟ ಎತ್ತರ ಐತಿ. ನನಗ ಕೈ ನಿಲುಕಂಗಿಲ್ಲ" ಎಂದಳು.

ದಿನಾ ಅದೇ ಗೂಟಕ್ಕೆ ಅವಳು ಹೂವಿಡುವುದನ್ನು ಎಲ್ಲರೂ ಕಂಡಿದ್ದರು. ಪರಿಮಳಾ ಹೊಸ್ತಿಲು ದಾಟಿ ಒಳಗೆ ಹೋಗಿ ಕರಡಿಗೆಯನ್ನು ಅದರ ಗೂಟಕ್ಕೆ ಹಾಕಿದಳು.