ಅಳೆದದ್ದೋ ಅಂದಾಜೋ

"ಆ ಎರಡನೆಯವನು ಎಲ್ಲಿ ಕೂರ್ತಾನೆ ಅಂತ ಸ್ವಲ್ಪ ತೋರ್ಸು ಮಗಳೇ," ಎಂದರು ನನ್ನ ಗೆಳೆಯನ ಅಮ್ಮ. ಮೊದಲ ಸಾಲಿನಲ್ಲಿ ಕೂತು, ಪಕ್ಕದ ಕುರ್ಚಿಗೆ ಕೈಚೀಲ ಇಟ್ಟು ನನಗೆಂದು ಜಾಗ ಹಿಡಿದಿದ್ದರು. "ಹೊಡಿಯಲ್ಲ, ಬಡಿಯಲ್ಲ. ಒಂದೇ ಒಂದು ಮಾತು ಕೇಳ್ಬೇಕು ಅವನನ್ನ."

ನನ್ನ ಕೈಯಲ್ಲಿದ್ದ ಮೈಕಿನ ವೈರು ಜಾರಿ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಸುಮ್ಮನಿರದೆ, "ಅವನು ಅಂತ ಹೇಗೆ ಹೇಳ್ತೀರಮ್ಮ? ಅವಳೂ ಇರಬಹುದಲ್ಲ?" ಎಂದುಬಿಟ್ಟೆ.

"ಹೆಂಗಸಾದ್ರೆ ಹಾಗೆ ಬರೀತಾಳಾ?"

ಬರೆಯುತ್ತಾಳೆ. ಬರೆದಿದ್ದಾಳೆ.

ನಮ್ಮ ವಿಜ್ಞಾನದ ಕಸುಬಿನಲ್ಲಿ ಒಂದು ಪೇಪರ್ ಬರೆದು ಜರ್ನಲ್ಲಿಗೆ ಕಳಿಸಿದರೆ ಅವರು ಅದನ್ನು ಇಬ್ಬರು ಬಲ್ಲವರಿಗೆ ಗುಟ್ಟಾಗಿ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಆ ಇಬ್ಬರು ರಿವ್ಯೂವರ್‌ಗಳು ಯಾರೆಂದು ಬರೆದವನಿಗೆ ಗೊತ್ತಾಗುವುದಿಲ್ಲ. ಒಂಬತ್ತು ವರ್ಷದ ಹಿಂದೆ ಈ ಅಮ್ಮನ ಮಗನ ಪೇಪರನ್ನು ನೆಲ ಕಚ್ಚಿಸಿದ ಎರಡನೇ ರಿವ್ಯೂವರ್ ನಾನು. ಕಳೆದ ತಿಂಗಳು ಅದೇ ಮಗ, "ಮದ್ವೆ ಆಗೋಣ್ವಾ?" ಎಂದು ನನ್ನನ್ನು ಕೇಳಿದ್ದ. "ಕಾರ್ಯಕ್ರಮ ಮುಗೀಲಿ, ಹೇಳ್ತೀನಿ," ಎಂದಿದ್ದೆ. ಆ ಕಾರ್ಯಕ್ರಮ ಇವತ್ತೇ.

ಜರ್ನಲ್ಲಿಗೆ ಐವತ್ತು ವರ್ಷ ತುಂಬಿತ್ತು. ಜಗತ್ತಿನ ಇಪ್ಪತ್ತು ಊರುಗಳಲ್ಲಿ ಆಯಾ ಊರಿನ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಒಂದೊಂದು ಸಮಾರಂಭ. ಸೂರ್ಯನ ಹಿಂದೆಯೇ ಊರಿಂದ ಊರಿಗೆ ನಡೆದುಬರುವ ಹಬ್ಬ. ಪ್ರತಿ ಊರಲ್ಲೂ ಒಂದು ಹಳೆಯ ಖಾರವಾದ ರಿವ್ಯೂ ಓದಬೇಕು, ಲಕೋಟೆ ಒಡೆದು ಬರೆದವರ ಹೆಸರು ಹೇಳಬೇಕು, ಇಬ್ಬರನ್ನೂ ವೇದಿಕೆಗೆ ಕರೆಯಬೇಕು. ಅದಕ್ಕೆ 'ಮುಖಾಮುಖಿ' ಎಂದು ಹೆಸರಿಟ್ಟಿದ್ದರು. ನಮ್ಮೂರಿಗೆ ಆರಿಸಿದ್ದು ಅವನ ಪೇಪರಿನ ರಿವ್ಯೂ. ಒಪ್ಪಿಗೆ ಕೇಳಿ ನನಗೂ ಮೇಲ್ ಬಂದಿತ್ತು: ಮೂವತ್ತು ದಿನದೊಳಗೆ ಬೇಡವೆನ್ನದಿದ್ದರೆ ಒಪ್ಪಿಗೆಯೆಂದೇ ತಿಳಿಯುತ್ತೇವೆ ಎಂದು. ಕಂಡವರ ಪೇಪರಿನ ಅಡಿಟಿಪ್ಪಣಿಯನ್ನೂ ಬಿಡದೆ ಓದುವ ನಾನು ಆ ಮೇಲ್ ಓದಿದ್ದು ಮೂವತ್ತನಾಲ್ಕನೇ ದಿನ.

"ಏನು ಅಳತೆಗೋಲು, ಮುಖ ಸುಣ್ಣ ಬಳಿದ ಹಾಗಿದೆ?"

ಅವನು ಗಿಡದ ಕುಂಡವನ್ನು ತಬ್ಬಿಕೊಂಡು ಬಂದಿದ್ದ. ಎಲೆಗಳ ನಡುವಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಎಂದಿನಂತೆ ನಗಲಿಲ್ಲ ಅನ್ನಿಸಿತು. ಹೆದರಿದವರಿಗೆ ಹಗ್ಗವೂ ಹಾವೇ, ಎಂದು ನನಗೆ ನಾನೇ ಹೇಳಿಕೊಂಡೆ.

"ನಿದ್ದೆ ಇಲ್ಲ ಅಷ್ಟೆ."

"ಎಲೆಗಳಿಗೇ ನಿದ್ದೆ ಬರುತ್ತೆ, ನಿನಗೇನು ಕಷ್ಟ?"

ಅವನ ಕೆಲಸವೇ ಎಲೆಗಳ ನಿದ್ದೆ. ಈ ಗಿಡದ ಎಲೆಗಳು ಸಂಜೆ ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಕತ್ತಲಾದ ಮೇಲಲ್ಲ, ಕತ್ತಲಾಗುವುದಕ್ಕೆ ನಾಲ್ಕು ನಿಮಿಷ ಮೊದಲೇ ಮಡಚಿಕೊಳ್ಳುತ್ತವೆ ಎಂದು ಅವನು ತೋರಿಸಿಕೊಟ್ಟ. ನಾನೂ ಅದೇ ಜಾತಿಯವಳು. ಕತ್ತಲು ಇನ್ನೂ ಬಾಗಿಲಲ್ಲಿ ಇರುವಾಗಲೇ ಮುದುಡಿ ಕೂರುತ್ತೇನೆ.

ಅಳತೆಗೋಲು ಅವನಿಟ್ಟ ಹೆಸರು. ನನ್ನಪ್ಪ ದರ್ಜಿ. ಅಳೆಯದೆ ಕತ್ತರಿ ಮುಟ್ಟಬಾರದು ಎಂದು ಹೇಳಿಕೊಟ್ಟೇ ಬೆಳೆಸಿದವರು. ಹಾಗಾಗಿ ಲ್ಯಾಬಿನಲ್ಲಿ ಯಾರು ಏನು ಹೇಳಿದರೂ ನನ್ನ ಬಾಯಿಂದ ಬರುವುದು ಒಂದೇ ಪ್ರಶ್ನೆ: "ಅಳೆದದ್ದೋ, ಅಂದಾಜೋ?" ಅವನ ಎದುರಿಗೆ ಮಾತ್ರ ಒಂದೂವರೆ ವರ್ಷದಿಂದ ಆ ಪ್ರಶ್ನೆಯನ್ನು ನುಂಗಿಕೊಂಡಿದ್ದೆ.

ಒಂದೂವರೆ ವರ್ಷದ ಹಿಂದೆ, ನಮ್ಮ ಪರಿಚಯ ಟೀ ಕುಡಿಯುವ ಮಟ್ಟಕ್ಕೆ ಬಂದಿದ್ದಾಗ, ಅವನು ತನ್ನ ಬೀರುವಿನ ಬಾಗಿಲು ತೆರೆದು ಒಳಗೆ ಅಂಟಿಸಿದ್ದ ಹಾಳೆ ತೋರಿಸಿದ್ದ. "ನನ್ನ ಮೊದಲ ಗುರುಗಳು ಇವ್ರೇ," ಎಂದು ನಗುತ್ತಿದ್ದ. ನಾನು ಓದಿದೆ. "ಈ ಸಮಯಗಳು ಅಳೆದವೋ ಅಂದಾಜೋ? ಲೇಖಕರ ಗಡಿಯಾರವೇ ಸರಿಯಿಲ್ಲವೆಂಬ ಅನುಮಾನವಿದೆ. ಇಷ್ಟು ಅಜಾಗರೂಕತೆ ಇರುವವರು ಬೇರೆ ಉದ್ಯೋಗ ನೋಡಿಕೊಳ್ಳುವುದು ಒಳಿತು." ನನ್ನದೇ ಮಾತು, ನನ್ನದೇ ಪ್ರಶ್ನೆ ಚಿಹ್ನೆ. ಅವತ್ತು ಟೀ ಆರಿಹೋಯಿತು, ಕುಡಿಯಲಿಲ್ಲ.

ಅದು ನನಗೆ ಬಂದ ಮೊದಲ ರಿವ್ಯೂ ಕೆಲಸ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ, ನಾನೂ ಎತ್ತೆತ್ತಿ ಒಗೆದಿದ್ದೆ. ಗಡಿಯಾರದ ಮಾತು ನಿಜವಾಗಿತ್ತು. ಕೊನೆಯ ಸಾಲನ್ನು ಬರೆದದ್ದು ಜಂಬಕ್ಕೆ.

"ಬೇರೆ ಉದ್ಯೋಗ ನೋಡ್ಕೋ ಅಂದ್ರಲ್ಲ, ನೋಡ್ಕೊಂಡೆ," ಎಂದು ಅವನು ತಮಾಷೆಯಾಗಿಯೇ ಕಥೆ ಮುಗಿಸಿದ್ದ. ಎರಡು ವರ್ಷ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತಿದ್ದನಂತೆ. ಆಮೇಲೆ ತಾನೇ ಸರಿಮಾಡಿದ ಗಡಿಯಾರ ಇಟ್ಟುಕೊಂಡು ಮೊದಲಿನಿಂದ ಅಳೆದ. ಪೇಪರ್ ಅದೇ ಜರ್ನಲ್ಲಿನಲ್ಲಿ ಬಂತು. ಈಗ ಐವತ್ತು ವರ್ಷದ ಒಳ್ಳೆಯ ಪೇಪರುಗಳ ಪಟ್ಟಿಯಲ್ಲಿದೆ. ನನ್ನ ಕೈಯಲ್ಲಿರುವ ವಾಚೂ ಅವನೇ ಸರಿಮಾಡಿ ಕೊಟ್ಟದ್ದು.

ಹನ್ನೊಂದು ಗಂಟೆಗೆ ಪರದೆಯ ಮೇಲೆ ನಮಗಿಂತ ಮೂಡಣದ ಒಂದು ಬಂದರಿನ ಊರು ಕಾಣಿಸಿತು. ಅಲ್ಲಿ ಆಗ ಹನ್ನೆರಡು. ಲಕೋಟೆ ಒಡೆದರು, ಹೆಸರು ಓದಿದರು. ಬಿಳಿಗೂದಲಿನ ರಿವ್ಯೂವರ್ ವೇದಿಕೆ ಹತ್ತಿ ಕೈ ಚಾಚಿದರು. ಲೇಖಕಿ ಆ ಕೈಯನ್ನು ನೋಡಿದಳು, ಅವರ ಮುಖ ನೋಡಿದಳು, ಇಳಿದು ಬಾಗಿಲಿಂದ ಹೊರಗೆ ಹೋದಳು. ಕ್ಯಾಮೆರಾ ಅವಸರದಿಂದ ಹೂಕುಂಡದ ಕಡೆ ತಿರುಗಿತು.

"ಸರಿಯಾಗಿ ಮಾಡಿದ್ಲು," ಎಂದರು ಅಮ್ಮ. ಆಮೇಲೆ ದನಿ ತಗ್ಗಿಸಿದರು. "ಇವನು ಎಲ್ಲರೆದುರಿಗೆ ನಗ್ತಾನೆ ಕಣಮ್ಮ. ಆಗ ಆರು ತಿಂಗಳು ಗೋಡೆ ನೋಡ್ಕೊಂಡು ಕೂತಿದ್ದ. 'ಓದಿದವ್ರೇ ಹೇಳಿದಾರಲ್ಲ ನೀನು ನಾಲಾಯಕ್ಕು ಅಂತ,' ಅಂದ್ರು ಅವರಪ್ಪ. ಆ ರಿವ್ಯೂ ಬಂದ ದಿನದಿಂದ ಅಪ್ಪ ಮಗ ಮಾತು ಬಿಟ್ರು. ಅವರಪ್ಪ ತೀರ್ಕೊಳ್ಳೋಕೆ ವಾರ ಇದೆ ಅನ್ನೋವಾಗ ಮಾತಾಡಿದ್ದು."

ಇದನ್ನು ಅವನು ಹೇಳಿಯೇ ಇರಲಿಲ್ಲ.

ಓಡಿಹೋಗಬಹುದಿತ್ತು. ಹಿಂಬಾಗಿಲ ಚಿಲಕ ತೆರೆದೇ ಇತ್ತು. ಹೆಸರು ಓದುವಾಗ ನಾನಿರುವುದಿಲ್ಲ, ಆಮೇಲೆ ಒಂದು ಮೆಸೇಜು ಹಾಕಿದರಾಯಿತು. ಅಷ್ಟು ದೂರ ಯೋಚಿಸಿದ್ದೆ. ಚಿಲಕದ ಮೇಲೆ ಕೈಯೂ ಇಟ್ಟೆ. ಅವನನ್ನು ಕಳೆದುಕೊಳ್ಳುವ ಭಯ ದೊಡ್ಡದಿತ್ತು. ಆದರೆ ನನ್ನ ಹೆಸರನ್ನು ಅವನು ಬೇರೆಯವರ ಬಾಯಿಂದ ಕೇಳುವಾಗಿನ ಮುಖವನ್ನು ನೆನೆಸಿಕೊಂಡರೆ ಇನ್ನೂ ಭಯವಾಯಿತು.

ವೇದಿಕೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅವನು ಎಲೆಗಳ ಧೂಳು ಒರೆಸುತ್ತಿದ್ದ. ಒಂದೊಂದನ್ನೇ, ಮಗುವಿನ ಕಿವಿ ಒರೆಸುವ ಹಾಗೆ.

"ಒಂದು ವಿಷ್ಯ ಹೇಳ್ಬೇಕು," ಎಂದೆ.

"ಹೇಳು."

"ನಿನ್ನ ಎರಡನೇ ರಿವ್ಯೂವರ್... ಅದು ನಾನು. ಬೀರು ತೋರಿಸಿದ ದಿನವೇ ಗೊತ್ತಾಯ್ತು. ಒಂದೂವರೆ ವರ್ಷ ಬಾಯಿ ಮುಚ್ಕೊಂಡಿದ್ದೆ. ನೀನು ಬಿಟ್ಟು ಹೋಗ್ತೀಯ ಅಂತ ಭಯ ಆಯ್ತು. ಈಗ್ಲೂ ಅದೇ ಭಯ."

ಒರೆಸುವ ಬಟ್ಟೆ ನಿಂತಿತು. ಅವನು ನನ್ನನ್ನು ನೋಡದೆ ವಾಚು ನೋಡಿಕೊಂಡ.

"ಹನ್ನೊಂದು ಐವತ್ತಾರು," ಎಂದ. "ನಾಲ್ಕು ನಿಮಿಷ ಮೊದಲು."

"ಏನು?"

"ಕುರ್ಚಿಗಳಿಗೆ ಚೀಟಿ ಅಂಟಿಸೋ ಕೆಲಸ ಬೆಳಿಗ್ಗೆ ನನಗೇ ಕೊಟ್ರು. ಎರಡನೇ ರಿವ್ಯೂವರ್ ಚೀಟಿ ಹಿಂದೆ ಪೆನ್ಸಿಲಲ್ಲಿ ನಿನ್ನ ಹೆಸರಿತ್ತು." ಅವನು ಒರೆಸುವ ಬಟ್ಟೆಯನ್ನು ಮಡಚಿದ. "ಒಂಬತ್ತು ಗಂಟೆಯಿಂದ ಕಾಯ್ತಾ ಇದೀನಿ. ಅವಳು ಹೇಳ್ತಾಳೋ ಇಲ್ವೋ, ಹೇಳ್ತಾಳೋ ಇಲ್ವೋ ಅಂತ. ನಿನಗೊಬ್ಬಳಿಗೇ ಭಯ ಅಂದ್ಕೊಂಡ್ಯಾ?"

"ನಾನು ಹೇಳ್ದೆ ಇದ್ದಿದ್ರೆ?"

"ಆ ಬಂದರಿನ ಹೆಂಗಸಿನ ಹಾಗೆ ಬಾಗಿಲು ದಾಟ್ತಿದ್ದೆ."

"ಈಗ?"

ಹೊರಗೆ ನಮ್ಮ ಸಂಸ್ಥೆಯ ನಿರ್ದೇಶಕರು ಮೈಕು ತಟ್ಟಿದರು. ಅವನು ಕುಂಡ ಎತ್ತಿಕೊಂಡು ವೇದಿಕೆಗೆ ಹೋದ.

ಹನ್ನೆರಡು ಹೊಡೆಯಿತು. ನಿರ್ದೇಶಕರು ರಿವ್ಯೂ ಓದಿದರು. ಕೊನೆಯ ಸಾಲಿಗೆ ಸಭೆ "ಅಯ್ಯೋ" ಎಂದಿತು. ಲಕೋಟೆ ಹರಿಯುವ ಸದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳಿತು. ನನ್ನ ಹೆಸರು ಕೇಳಿತು. ನಾನು ಮೆಟ್ಟಿಲು ಹತ್ತಿದೆ.

ಮೊದಲ ಸಾಲಿನಲ್ಲಿ ಅಮ್ಮ ಎದ್ದು ನಿಂತಿದ್ದರು. ಅವರಿಗೆ ಮೈಕು ಬೇಕಿರಲಿಲ್ಲ.

"ಒಂದೇ ಮಾತು ಕೇಳ್ಬೇಕಿತ್ತು. ನೀನೇ ಅಂತ ಗೊತ್ತಿರ್ಲಿಲ್ಲ, ಆದ್ರೂ ಕೇಳ್ತೀನಿ. ಅದನ್ನ ಬರೀವಾಗ, ಇದನ್ನ ಓದೋನಿಗೆ ಒಂದು ಮನೆ ಇದೆ ಅಂತ ಅನ್ನಿಸ್ಲಿಲ್ವಾ?"

ನಿರ್ದೇಶಕರು ಮೈಕನ್ನು ನನ್ನತ್ತ ತಿರುಗಿಸಿದರು.

"ಅನ್ನಿಸ್ಲಿಲ್ಲಮ್ಮ," ಎಂದೆ. "ಗಡಿಯಾರ ತಪ್ಪಿತ್ತು, ಅದನ್ನ ಹೇಳಲೇಬೇಕಿತ್ತು, ಹೇಳಿದೆ. ಆದ್ರೆ ಕೊನೇ ಸಾಲು... ನಾನು ಇವರನ್ನ ನೋಡಿರ್ಲಿಲ್ಲ, ಇವರ ಕೈ ಕೆಲಸ ನೋಡಿರ್ಲಿಲ್ಲ. ಎಲ್ಲರಿಗೂ ಅಳೆದದ್ದೋ ಅಂದಾಜೋ ಅಂತ ಕೇಳ್ತಾ ತಿರುಗೋಳು ನಾನು. ಆ ಸಾಲು ಅಂದಾಜು. ತಪ್ಪು ಅಂದಾಜು. ಜರ್ನಲ್ಲಲ್ಲಿ ತಪ್ಪು ಪೇಪರ್ ವಾಪಸ್ ತಗೊಳ್ಳೋ ಪದ್ಧತಿ ಇದೆ. ಅದೇ ರೀತಿ ಆ ಸಾಲನ್ನ ವಾಪಸ್ ತಗೋತೀನಿ. ಆ ವರ್ಷಗಳನ್ನ ವಾಪಸ್ ಕೊಡೋಕೆ ನನ್ನ ಕೈಲಿ ಆಗಲ್ಲ."

ಅಮ್ಮ ಕೂತರು. ನಗಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಆ ಕುರ್ಚಿ ಖಾಲಿಯಾಗಿ ನನ್ನ ಕಡೆ ನೋಡುತ್ತಿತ್ತು.

ನಾನು ಅವನತ್ತ ತಿರುಗಿದೆ. ಗಿಡ ನಮ್ಮಿಬ್ಬರ ನಡುವೆ ಇತ್ತು. ಅವನ ಹುಬ್ಬು ಗಂಟಿಕ್ಕಿತ್ತು, ತುಟಿಯ ಒಂದು ತುದಿ ಮಾತ್ರ ಅವನ ಮಾತು ಕೇಳದೆ ಮೇಲೇರುತ್ತಿತ್ತು.

"ಕಾರ್ಯಕ್ರಮ ಮುಗಿದ ಮೇಲೆ ಏನೋ ಹೇಳ್ತೀನಿ ಅಂದಿದ್ದೆ ನೀನು," ಎಂದ, ಮೆಲ್ಲಗೆ.

"ನೀನು ಇನ್ನೂ ಕೇಳ್ತಾ ಇದೀಯಾ?"

"ಕೋಪ ಇದೆ. ನಾಳೇನೂ ಇರುತ್ತೆ. ಆದ್ರೂ ಕೇಳ್ತಾ ಇದೀನಿ."

"ಹೂಂ," ಎಂದೆ. "ಆಗೋಣ."

ಅವನು ಗಿಡವನ್ನು ಪಕ್ಕಕ್ಕೆ ಸರಿಸಿ ಒಂದು ಹೆಜ್ಜೆ ಮುಂದೆ ಬಂದ. ಒಂದೂವರೆ ವರ್ಷ ನಾನು ನುಂಗಿಕೊಂಡಿದ್ದ ಪ್ರಶ್ನೆಯನ್ನು ಅವನೇ ಕೇಳಿದ.

"ಅಳೆದದ್ದೋ, ಅಂದಾಜೋ?"

ಇವನ ಕೋಪ ಎಷ್ಟು ದಿನದ್ದು ಎಂದು ನನಗೆ ಗೊತ್ತಿರಲಿಲ್ಲ. ಅಮ್ಮ ನನ್ನನ್ನು ಮತ್ತೆ ಮಗಳೇ ಎನ್ನುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅಳೆಯಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

"ಅಂದಾಜು," ಎಂದೆ.

ಮೈಕು ಆನ್ ಇದೆಯೆಂದು ಗೊತ್ತಾದದ್ದು, ನಮ್ಮ ನಂತರದ ಊರಿನವರು ಪರದೆಯ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ.