ಘಾಟಿಲ್ಲದ ಹೊಗೆ

"ನಗಬ್ಯಾಡ ತಮ್ಮಾ. ಗಂಟು ಕಟ್ಟೋದು ಸಸಾರ ಐತಿ. ಬಿಚ್ಚೋದು ನನ್ನ ಕೈಯಾಗೂ ಇಲ್ಲ."

ಕಾಗಿನೆಲೆ ದಾರಿಯ ಬದಿಯ ತಗಡಿನ ಮನೆಯಲ್ಲಿ ಮುದುಕಿ ಬಸವಣ್ಣೆವ್ವ ಹೀಗೆಂದಾಗ ಅಯಾಜ್ ನಕ್ಕುಬಿಟ್ಟ. ಒಳಗೆಲ್ಲ ಸುಟ್ಟ ಕೂದಲಿನ, ಕೊಳೆತ ನಿಂಬೆಯ ವಾಸನೆ. ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಂದು ನೆಲೆಸಿ ಮೆಣಸಿನಕಾಯಿ ಚೀಲ ಸಾಗಿಸುವ ಆಟೋ ಓಡಿಸುತ್ತಿದ್ದ ಅವನಿಗೆ ಮಾಟವೆಂದರೆ ಕೆಲಸವಿಲ್ಲದವರ ಹುಚ್ಚು. ಮೈಲಪ್ಪನನ್ನು ಹೆದರಿಸಲು ಒಂದು ಕರಿದಾರದ ಗಂಟು ಸಿಕ್ಕರೆ ಅವನಿಗೆ ಸಾಕಿತ್ತು.

"ಮತ್ತ ಯಾರ ಬಿಚ್ಚಬೇಕು?"

"ಕಟ್ಟಿಸಿದವ. ಆ ಮೈಲಪ್ಪನ ತಪ್ಪು ನೀ ಮನಸಾರೆ ಹೊಟ್ಟ್ಯಾಗ ಹಾಕ್ಕೊಂಡ್ರ ತಾನ ಬಿಚ್ಚತೈತಿ. ಅದಕ್ಕೂ ಮೊದಲ ಅವ ಸತ್ತರ ಗಂಟು ನಿನ್ನ ಮನಿಗೆ ಬರತೈತಿ. ಆಮ್ಯಾಲೆ ಅವನ ಮನಿಯವರು ನಿನ್ನ ಮಾಫ್ ಮಾಡಬೇಕು. ಗಂಟು ಇದ್ದ ಮನ್ಯಾಗ ಮೆಣಸಿನಕಾಯಿ ಸುಟ್ಟರೂ ಘಾಟು ಬರಂಗಿಲ್ಲ, ನೆನಪಿಡು."

"ನಮ್ಮ ಬ್ಯಾಡಗಿ ಕಾಯಿಗೆ ಮೊದಲ ಖಾರ ಕಡಿಮಿ ಯವ್ವಾ," ಎಂದು ಅಯಾಜ್ ಗಂಟನ್ನು ಜೇಬಿಗೆ ಹಾಕಿಕೊಂಡ.

ಮೈಲಪ್ಪ ಮಾರ್ಕೆಟ್ ಯಾರ್ಡಿನ ಹಮಾಲ. ಆಳೆತ್ತರಕ್ಕಿಂತ ಮೇಲೆ ಒಟ್ಟಿದ ಚೀಲಗಳನ್ನು ಮೇಲಿನಿಂದಲೇ ಇಳಿಸಬೇಕೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಒಂದು ದಿನ ಅವಸರಕ್ಕೆ ಮೈಲಪ್ಪ ಕೆಳಗಿನ ಸಾಲಿನ ಚೀಲವೊಂದನ್ನು ಎಳೆದ. ಅಪ್ಪ ಅಯಾಜನಿಗೆ ಬುತ್ತಿ ತಂದಿದ್ದ ಪುಟ್ಟ ಸಿಮ್ರಾನ ಆ ಬದಿಯಲ್ಲಿ ನಿಂತಿದ್ದಳು; ರಾಶಿ ಅವಳ ಮೇಲೆ ಕುಸಿಯಿತು. ಚೀಲಗಳನ್ನೆಲ್ಲ ಸರಿಸಿ ಹೊರತೆಗೆಯುವಷ್ಟರಲ್ಲಿ ಮಗುವಿನ ಉಸಿರು ನಿಂತಿತ್ತು. ಅವಳ ಕೆನ್ನೆಯ ಮೇಲೆ ಗೋಣಿತಟ್ಟಿನ ನೇಯ್ಗೆ ಒತ್ತಿ ಮೂಡಿದ್ದನ್ನು ಅಯಾಜ್ ಇಂದಿಗೂ ಮರೆತಿಲ್ಲ.

ಅಂದಿನಿಂದ ಪ್ರತಿ ಶುಕ್ರವಾರ ಅಯಾಜ್ ನಮಾಜು ಮುಗಿಸಿ ಮನೆಗೆ ಬಂದರೆ ಮೈಲಪ್ಪ ಬಾಗಿಲಲ್ಲಿ ಕೈಮುಗಿದು ನಿಂತಿರುತ್ತಿದ್ದ. "ತಪ್ಪಾತಣ್ಣಾ. ಹೊಟ್ಟ್ಯಾಗ ಹಾಕ್ಕೊ." ಅಯಾಜ್ ಅವನ ಮುಖ ನೋಡಿ ಅಗಳಿ ಜಡಿಯುತ್ತಿದ್ದ. "ಮಾಫ್ ಮಾಡಿ ಕಳಸ್ರಿ, ಆ ಮಾರಿ ನೋಡಾಕ ಆಗವಲ್ದು," ಎಂದು ಹೆಂಡತಿ ಹೀನಾ ಅತ್ತರೂ ಅವನ ಎದೆ ಕರಗಲಿಲ್ಲ. ಹೆತ್ತ ಹೊಟ್ಟೆಗಿಂತ ತನ್ನದೇ ಹೆಚ್ಚಿನ ಸಂಕಟ ಎಂಬಂತಿತ್ತು ಅವನ ಹಟ.

ಮುದುಕಿಯಿಂದ ಗಂಟು ತಂದ ಮರುದಿನ ನಸುಕಿನಲ್ಲಿ ಹೋಗಿ ಮೈಲಪ್ಪನ ಹೊಸ್ತಿಲ ಸಂದಿಯಲ್ಲಿ ಗಂಟು ತುರುಕಿ ಬಂದ. ಆ ಶುಕ್ರವಾರ ಬಾಗಿಲಲ್ಲಿ ಯಾರೂ ಇರಲಿಲ್ಲ. ಪುಕ್ಕಲ, ದಾರ ನೋಡಿಯೇ ಹೆದರಿದ ಎಂದು ಅಯಾಜ್ ಒಳಗೊಳಗೇ ಹಿಗ್ಗಿದ.

ಸಂಜೆಗೆ ಮೈಲಪ್ಪನ ಹೆಂಡತಿ ಜಯವ್ವ ಓಡಿ ಬಂದಳು. "ಅಣ್ಣಾ, ಅವರಿಗೆ ಉಸಿರಾಡಾಕ ಆಗವಲ್ದು. ಎದಿ ಮ್ಯಾಲೆ ಚೀಲ ಒಟ್ಟ್ಯಾರ ಅಂತಾರ. ದವಾಖಾನ್ಯಾಗ ಏನೂ ಇಲ್ಲಂದ್ರು. ನಿನ್ನ ಕರಿಯಾಕತ್ತಾರ, ಲಗೂ ಬಾ."

ಕರೆಂಟು ಹೋಗಿತ್ತು. ಮೈಲಪ್ಪನ ಕೋಣೆಯ ಕಿಟಕಿ ಮುಚ್ಚಿತ್ತು. ಕತ್ತಲಲ್ಲಿ ಒಲೆಯ ಕೆಂಡವೊಂದೇ ಕಾಣುತ್ತಿತ್ತು, ಉಬ್ಬಸವೊಂದೇ ಕೇಳುತ್ತಿತ್ತು. ಜಯವ್ವ ಗಂಡನಿಗೆ ದೃಷ್ಟಿ ತೆಗೆದು ಹಿಡಿ ಮೆಣಸಿನಕಾಯಿ ಕೆಂಡಕ್ಕೆ ಸುರಿದಳು. ಕಾಯಿ ಚಟಪಟ ಸಿಡಿಯಿತು. ಕಪ್ಪಗಾಯಿತು. ಹೊಗೆ ಕೋಣೆ ತುಂಬಿತು. ಯಾರೂ ಕೆಮ್ಮಲಿಲ್ಲ.

ಅಯಾಜ್ ಮೂಗು ಅರಳಿಸಿದ. ಘಾಟು ಇಲ್ಲ. ಚೂರೂ ಇಲ್ಲ. ಜಯವ್ವ ಚಿಮಣಿ ಹಚ್ಚಿ ತಂದಳು. ಮೈಲಪ್ಪನ ಬರಿಯೆದೆಯ ತುಂಬ ಗೋಣಿತಟ್ಟಿನ ನೇಯ್ಗೆ ಮೂಡಿತ್ತು.

ಅಯಾಜ್ ಅವನ ಪಕ್ಕಕ್ಕೆ ಬಂದು ಕೂತ. "ಮಾಫ್ ಮಾಡೇನಿ!" ಎಂದು ಕಿರುಚಿದ. ಹೊಗೆ ಹಾಗೇ ಇತ್ತು. "ಮಾಫ್ ಮಾಡೇನೋ!" ಘಾಟಿಲ್ಲ. ಅದು ಹೆದರಿದ ಬಾಯಿಯ ಮಾತು. ಮನಸ್ಸು ಇನ್ನೂ ಚೀಲಗಳಡಿಯ ಮಗುವಿನ ಹತ್ತಿರವೇ ಇತ್ತು.

ಮೈಲಪ್ಪ ಕಣ್ಣು ತೆರೆದ. "ನೀ ಹೊಸ್ತಿಲದಾಗ ಇಟ್ಟಿದ್ದು... ನಾ ನೋಡಿದ್ದೆ."

"ಮತ್ತ ಯಾಕ ತೆಗೀಲಿಲ್ಲ?"

"ನಿನ್ನ ಸಂಕಟ ಇಳೀಲಿ ಅಂತ... ನಾ ಹೊಟ್ಟ್ಯಾಗ ಹಾಕ್ಕೊಂಡೇನಿ ಅಣ್ಣಾ."

 ಮಗಳ ಮಣ್ಣಿನ ದಿನವೂ ಬಾರದಿದ್ದ ಅಳು ಈಗ ಅಯಾಜನಿಗೆ ಬಂತು. ಮಾಫಿ ಎಂದರೇನೆಂದು ಅಲ್ಲಾಹನು ಅವನಿಗೆ ಕಲಿಸಿದ್ದು ಮಗಳನ್ನು ಕೊಂದವನ ಬಾಯಿಂದ. ಮೈಲಪ್ಪನ ಕೈಯನ್ನು ಎದೆಗೊತ್ತಿಕೊಂಡು, "ಸಾಕೋ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ," ಎಂದ. ಖರೇ ಹೇಳಿದ.

ಜಯವ್ವ ಕೆಮ್ಮಿದಳು. ಅಯಾಜನ ಗಂಟಲು ಉರಿಯಿತು. ಕಣ್ಣಲ್ಲಿ ಧಾರಾಕಾರ ನೀರು. ಘಾಟು! "ಬಿಚ್ಚಿತು ಜಯವ್ವಾ, ಬಿಚ್ಚಿತು!" ಎಂದು ಕೆಮ್ಮುತ್ತಲೇ ನಕ್ಕ.

ಮೈಲಪ್ಪ ಮಾತ್ರ ಕೆಮ್ಮಲಿಲ್ಲ. ಅವನ ಕೈ ತಣ್ಣಗಿತ್ತು. ಮಾತು ಕೇಳಿ ಹೋದನೋ, ಕೇಳುವ ಮೊದಲೇ ಹೋದನೋ? ಅಯಾಜನಿಗೆ ತಿಳಿಯಲಿಲ್ಲ.

ಜಯವ್ವ ಕೆಮ್ಮು ನಿಲ್ಲಿಸಿ ಅವನತ್ತ ತಿರುಗಿದಳು. "ಹೊಸ್ತಿಲದಾಗ ಏನ ಇಟ್ಟಿದ್ದಿ?"

ಅವನು ಎಲ್ಲವನ್ನೂ ಹೇಳಿದ. ಮನೆಗೆ ಬಂದಾಗ ಹೀನಾ ಒಲೆಯ ಮುಂದೆ ಕೂತಿದ್ದಳು. "ಮೆಣಸಿನಕಾಯಿ ಎಷ್ಟ ಹುರಿದ್ರೂ ಘಾಟ ಬರವಲ್ದು ನೋಡ್ರಿ," ಎಂದಳು.

ಮುಂದಿನ ಶುಕ್ರವಾರ ಅಯಾಜ್ ಜಯವ್ವನ ಬಾಗಿಲಲ್ಲಿ ಕೈಮುಗಿದು ನಿಂತ. ಅಂಗಿಯೊಳಗೆ ಎದೆಯ ತುಂಬ ಗೋಣಿಯ ಗುರುತು. ಒಂದೊಂದು ಉಸಿರಿಗೂ ಏದುತ್ತಿದ್ದ. "ತಪ್ಪಾತವ್ವಾ."

ಜಯವ್ವ ಅವನ ಮುಖ ನೋಡಿದಳು.

"ನನಗ ಇನ್ನೂ ಆಗವಲ್ದಣ್ಣಾ," ಎಂದಳು.

ಒಳಗಿನಿಂದ ಅಗಳಿ ಬಿತ್ತು. ಅಯಾಜನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.